ದಿವಾಕರ ಡಾಕ್ಟರಿಗೆ ಗೆಲುವಿನ ಮೇಲೆ ಬಂದ ಅನುಮಾನ

ಸೋತವರಿಗೆ ಅನುಮಾನ ಬರುವುದು ಲೋಕರೂಢಿ. ಅಂಪೈರು ಸರಿಯಿಲ್ಲ, ಪಿಚ್ಚು ಸರಿಯಿಲ್ಲ, ಎದುರಿನವನಿಗೆ ಗುರುಬಲ ಜೋರಾಗಿದೆ, ಹೀಗೆ ಏನೋ ಒಂದು ಹೇಳಿಕೊಂಡು ಮನೆಗೆ ಹೋಗುತ್ತಾರೆ. ಹಡರ್ಸ್‌ಫೀಲ್ಡಿನ ನಮ್ಮ ದಿವಾಕರ ಡಾಕ್ಟರದು ಉಲ್ಟಾ ಕೇಸು. ಹನ್ನೊಂದು ವರ್ಷ ಸೋತಾಗ ತುಟಿಪಿಟಕ್ ಎನ್ನದ ಮನುಷ್ಯ, ಈ ವರ್ಷ ಫೆಬ್ರವರಿಯಲ್ಲಿ ಒಂದು ಸಲ, ಏಪ್ರಿಲ್‌ನಲ್ಲಿ ಇನ್ನೊಂದು ಸಲ ಗೆದ್ದದ್ದೇ ತಡ, ಊಟ ಸೇರದೆ ಒದ್ದಾಡತೊಡಗಿದರು. ಗೆದ್ದವರು ಸ್ವೀಟ್ ಹಂಚುತ್ತಾರೆ. ಇವರು ಮನೆಯ ಗೋಡೆಗೆಲ್ಲ ಕಿವಿ ಇದೆಯಾ ಎಂದು ತಟ್ಟಿ ನೋಡುತ್ತಾ ಕೂತರು.

ಸೋಲು ಗೆಲುವು ಅಂದರೆ ಇಸ್ಪೀಟಲ್ಲ, ಕೇರಂ ಅಲ್ಲ, ನೌಕಾಯುದ್ಧ! ಊರಿನ ಒಂದು ಚರ್ಚಿನ ಹಿಂದಿರುವ ಹಾಲ್‌ನಲ್ಲಿ ಎರಡು ತಿಂಗಳಿಗೊಂದು ಶನಿವಾರ ಬೆಳಿಗ್ಗೆ ಹನ್ನೆರಡು ಅಡಿ ಉದ್ದದ ಪ್ಲೈವುಡ್ ಹಾಸುತ್ತಾರೆ. ಅದಕ್ಕೆ ಬಳಿದ ನೀಲಿ ಬಣ್ಣವೇ ಮೆಡಿಟರೇನಿಯನ್ ಸಮುದ್ರ. ಅದರ ಮೇಲೆ ಬೆರಳುದ್ದದ ಹಡಗುಗಳು. ಒಂದು ಕಡೆ ತುರ್ಕಿಯ ಸುಲ್ತಾನನ ಪಡೆ, ಇನ್ನೊಂದು ಕಡೆ ಪೋಪ್, ವೆನಿಸ್, ಸ್ಪೇನ್ ಎಲ್ಲ ಒಟ್ಟು ಸೇರಿದ ಕ್ರೈಸ್ತರ ಪಡೆ. ಹದಿನಾರನೇ ಶತಮಾನದಲ್ಲಿ ಇವರಿಬ್ಬರೂ ಹೊಡೆದಾಡಿದ ಹಡಗಿಗೆ ಗ್ಯಾಲಿ ಅಂತ ಹೆಸರು. ಹಾಯಿ ಇದ್ದರೂ ಕಾಳಗಕ್ಕಿಳಿದಾಗ ಹುಟ್ಟನ್ನೇ ನಂಬಿದ ಉದ್ದನೆ ಹಡಗು ಅದು. ಮೂತಿಯಲ್ಲಿ ತೋಪು, ಎರಡು ಪಕ್ಕೆಯಲ್ಲೂ ಬರೀ ಹುಟ್ಟು, ಹುಟ್ಟಿಗೆ ಸರಪಳಿಯಲ್ಲಿ ಕಟ್ಟಿದ ಜನ. ಎದುರಿನಿಂದ ಹುಲಿ, ಪಕ್ಕದಿಂದ ಇಲಿ. ಪಕ್ಕೆ ಕೊಟ್ಟವನು ಕೆಟ್ಟ, ಇಷ್ಟೇ ಈ ಯುದ್ಧದ ವೇದಾಂತ.

ಸಮುದ್ರಕ್ಕೂ ಡಾಕ್ಟರಿಗೂ ಏನು ಸಂಬಂಧ ಎಂದು ಕೇಳಿದರೆ, ಏನೂ ಇಲ್ಲ. ಹುಟ್ಟಿದ್ದು ಚಿಂತಾಮಣಿಯಲ್ಲಿ. ಅಲ್ಲಿ ನೀರೆಂದರೆ ಬೋರ್‌ವೆಲ್ಲು. ಓದಿದ್ದು ಮೈಸೂರಿನಲ್ಲಿ. ಸಮುದ್ರ ಕಂಡದ್ದೇ ಹತ್ತೊಂಬತ್ತಕ್ಕೆ, ಕಾಲೇಜಿನ ಟೂರಿನಲ್ಲಿ, ಅದೂ ಬಸ್ಸಿನ ಕಿಟಕಿಯಿಂದ. ಸಾವಿರದ ಒಂಬೈನೂರ ಎಂಬತ್ತಾರರಲ್ಲಿ ಇಂಗ್ಲೆಂಡಿಗೆ ಬಂದರು. ಯಾರ್ಕ್‌ಷೈರಿನ ಆಸ್ಪತ್ರೆಗಳಲ್ಲಿ ದುಡಿದು, ಕೊನೆಗೆ ವಯಸ್ಸಾದವರ ಕಾಯಿಲೆಗಳ ಡಾಕ್ಟರಾಗಿ ನಿವೃತ್ತರಾದರು. ಹೆಂಡತಿ ವಿಜಯಾ ಫಾರ್ಮಸಿಸ್ಟ್, ಆಕೆಯದೂ ಈಗ ನಿವೃತ್ತಿ. ಒಬ್ಬಳೇ ಮಗಳು ಯಾಮಿನಿ ಡರ್ಬಿಯಲ್ಲಿ ವಿಮಾನದ ಇಂಜಿನ್ ಮಾಡುವ ಕೆಲಸದಲ್ಲಿದ್ದಾಳೆ. ಅಪ್ಪ ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ತಿರುಗಿಸಿ ಬೈಯುತ್ತಾಳೆ.

ಬಂದ ಹೊಸದರಲ್ಲಿ ಸಿಕ್ಕಿದ ಗೆಳೆಯ ದತ್ತಾತ್ರೇಯ, ಧಾರವಾಡದವನು. ಇಬ್ಬರದೂ ಒಂದೇ ವಾರ್ಡು, ಒಂದೇ ಡ್ಯೂಟಿ ಪಟ್ಟಿ. ಏಳು ವರ್ಷ ಒಬ್ಬನಿಗೆ ಹಗಲು, ಇನ್ನೊಬ್ಬನಿಗೆ ರಾತ್ರಿ. ಸಂಜೆ ಎಂಟಕ್ಕೆ ಹಗಲಿನವನು ರಾತ್ರಿಯವನಿಗೆ ವಾರ್ಡನ್ನು ಒಪ್ಪಿಸಬೇಕು. ಯಾವ ಬೆಡ್ಡಿನಲ್ಲಿ ಯಾರು, ಯಾರಿಗೆ ಜ್ವರ, ಯಾರ ಮೇಲೆ ಕಣ್ಣಿಡಬೇಕು, ಒಂದನ್ನೂ ಬಿಡದೆ ಹೇಳಬೇಕು. ಅದಕ್ಕೆ ಹ್ಯಾಂಡೋವರ್ ಅನ್ನುತ್ತಾರೆ. ಬಾಯಿ ತಪ್ಪಿ ಒಂದು ಬಿಟ್ಟರೆ ಒಂದು ಜೀವ ಹೋಗಬಹುದು. ಆ ಏಳು ವರ್ಷದಲ್ಲಿ ದಿವಾಕರ ಡಾಕ್ಟರು ಒಬ್ಬನೇ ಒಬ್ಬ ರೋಗಿಯನ್ನೂ ಬಿಟ್ಟವರಲ್ಲ. ದತ್ತ ಬಂದು ಎಲ್ಲ ಕೇಳಿಸಿಕೊಂಡು ‘ಸರಿ, ನೀ ಹೋಗು’ ಅಂದ ಮೇಲೇ ಅವರು ಕೋಟು ಬಿಚ್ಚುತ್ತಿದ್ದದ್ದು.

ಗ್ಯಾಲಿ ಬಂದು ತಗುಲಿಕೊಂಡದ್ದು ಆಮೇಲೆ. ಟ್ರೆವರ್ ಅಂತ ಒಬ್ಬ ಬಸ್ ಡ್ರೈವರು ಸೊಂಟದ ಮೂಳೆ ಮುರಿದುಕೊಂಡು ಇವರ ವಾರ್ಡಿಗೆ ಬಂದಿದ್ದ. ರೌಂಡ್ಸಿಗೆ ಹೋದರೆ ಈ ಆಸಾಮಿ ಊಟದ ಟ್ರೇ ಮೇಲೆ ಮರದ ಚೂರು ಹರಡಿಕೊಂಡು, ಚಿಮಟದಲ್ಲಿ ಹಿಡಿದು, ಒಂದೊಂದು ಪಕ್ಕೆಗೆ ಇಪ್ಪತ್ತನಾಲ್ಕು ಹುಟ್ಟು ಅಂಟಿಸುತ್ತಿದ್ದಾನೆ! ಜರಿಹುಳದ ಹಾಗೆ ಕಂಡ ಆ ಹಡಗನ್ನು ನೋಡಿದ ಡಾಕ್ಟರು ಅಲ್ಲೇ ಕೂತುಬಿಟ್ಟರು, ಹಿಂದೆ ನಿಂತ ಜೂನಿಯರುಗಳಿಗೆ ಕಾಲು ನೋವು ಬಂತು. ಟ್ರೆವರ್ ಗುಣವಾಗಿ ಹೋದವನೇ ಇವರನ್ನು ಆಟಕ್ಕೆ ಎಳೆದ. ಇವರು ದತ್ತನನ್ನು ಎಳೆದರು. ಕ್ಲಬ್ಬಿನಲ್ಲಿ ತುರ್ಕರ ಪಡೆ ಹಿಡಿಯುವವರು ಯಾರೂ ಇರಲಿಲ್ಲವಾದ್ದರಿಂದ ಡಾಕ್ಟರು ಸುಲ್ತಾನನ ಕಡೆ, ದತ್ತ ಪೋಪ್ ಕಡೆ. ಟಿವಿಡೇಲ್ ಬಾಲಾಜಿ ದೇವಸ್ಥಾನದಲ್ಲಿ ಪುಳಿಯೋಗರೆ ತಟ್ಟೆ ಹಿಡಿದು ಸಾಲಿನಲ್ಲಿ ನಿಂತ ಇಬ್ಬರು, ವೆನಿಸ್‌ನವರ ಎಡಪಕ್ಕ ಹೇಗೆ ಮುರಿಯಬೇಕಿತ್ತು ಎಂದು ಕಿತ್ತಾಡಿದ್ದನ್ನು ನಮ್ಮಲ್ಲಿ ಅನೇಕರು ಕಿವಿಯಾರೆ ಕೇಳಿದ್ದೇವೆ.

ಆಟಕ್ಕೆ ಒಂದು ಕಟ್ಟುಪಾಡು ಇತ್ತು. ಯಾವ ಪಡೆ ಎಲ್ಲಿ ನಿಲ್ಲಬೇಕು, ಮೊದಲ ಹೊಡೆತ ಯಾವ ಕಡೆಯಿಂದ, ಎಲ್ಲವನ್ನೂ ಚೀಟಿಯಲ್ಲಿ ಬರೆದು, ಕವರಿಗೆ ಹಾಕಿ ಅಂಟಿಸಿ, ಶುಕ್ರವಾರ ಸಂಜೆಯೊಳಗೆ ಟ್ರೆವರ್ ಮನೆಬಾಗಿಲ ಅಂಚೆಕಿಂಡಿಗೆ ಹಾಕಬೇಕು. ಶನಿವಾರ ಹತ್ತಕ್ಕೆ ಅವನು ಎರಡೂ ಕವರನ್ನು ಎಲ್ಲರೆದುರು ಒಡೆಯುತ್ತಾನೆ. ಬರೆದ ಹಾಗೇ ಹಡಗು ಇಡಬೇಕು, ಆಮೇಲೆ ಬದಲಾಯಿಸುವ ಹಾಗಿಲ್ಲ. ಅರ್ಧ ಯುದ್ಧ ಚೀಟಿಯಲ್ಲೇ ಮುಗಿದಿರುತ್ತದೆ.

ಈಗ ಅನುಮಾನದ ಬೀಜ ಎಲ್ಲಿ ಬಿತ್ತು ಕೇಳಿ. ಫೆಬ್ರವರಿಯಲ್ಲಿ ಡಾಕ್ಟರು ಎಡಗಡೆಯಿಂದ ಸುತ್ತಿ ಬಂದು ಹೊಡೆಯುವುದೆಂದು ಬರೆದಿದ್ದರು. ಕವರ್ ಒಡೆದು ನೋಡಿದರೆ ದತ್ತನ ಹಡಗುಗಳು ಆ ಕಡೆಗೇ ಪಕ್ಕೆ ತೋರಿಸಿಕೊಂಡು ನಿಂತಿವೆ! ಗೆದ್ದರು, ಕುಣಿದರು. ಏಪ್ರಿಲ್‌ನಲ್ಲಿ ನಡುವಿನಿಂದ ನುಗ್ಗುವುದೆಂದು ಬರೆದರು. ಅವತ್ತು ದತ್ತನ ನಡುವೇ ಪೊಳ್ಳು. ಗೆದ್ದರು, ಕುಣಿಯಲಿಲ್ಲ. ಹನ್ನೊಂದು ವರ್ಷ ಇವರನ್ನು ಹಣ್ಣುಗಾಯಿ ನೀರುಗಾಯಿ ಮಾಡಿದ ದತ್ತನಿಗೆ ಏಕಾಏಕಿ ಬುದ್ಧಿ ಮಂಕಾಯಿತೇ? ತಪ್ಪು ಯಾರಾದರೂ ಮಾಡುತ್ತಾರೆ. ಆದರೆ ಇಷ್ಟು ಅಳತೆ ಹಿಡಿದು ತಪ್ಪು ಮಾಡಬೇಕಾದರೆ ನನ್ನ ಚೀಟಿಯನ್ನು ಓದಿರಲೇಬೇಕು ಎಂದು ಡಾಕ್ಟರು ಲೆಕ್ಕ ಹಾಕಿದರು. ಲೆಕ್ಕ ಸರಿಯಾಗಿಯೇ ಇತ್ತು, ಅದೇ ತೊಂದರೆ.

ಓದಿದವನು ಗೆಲ್ಲಬೇಕು ತಾನೇ, ಸೋಲುವುದೇಕೆ? ಅದಕ್ಕೂ ಅವರೇ ಉತ್ತರ ಹುಡುಕಿಕೊಂಡರು. ಅಯ್ಯೋ ಪಾಪ ಅಂತ! ಮುದುಕ ಸೋತು ಸೋತು ಸಾಯುತ್ತಾನೆ, ಎರಡು ಗೆಲುವು ಬಿಸಾಕೋಣ ಅಂತ! ಹನ್ನೊಂದು ವರ್ಷ ಸೋಲಿಸಿದ್ದು ಮರ್ಯಾದೆ, ಈ ಗೆಲುವು ಭಿಕ್ಷೆ ಎನ್ನಿಸಿ ಅವರಿಗೆ ಮೈಯೆಲ್ಲ ಉರಿಯಿತು. ದತ್ತ ಕದ್ದು ಓದಿದ್ದು ನಿಜವಾದರೆ ಮೂವತ್ತೆಂಟು ವರ್ಷದ ಗೆಳೆತನ ಅಲ್ಲಿಗೆ ಮುಗಿಯಿತು. ಈ ಊರಿನಲ್ಲಿ ಅವರಿಗೆ ಇನ್ನೊಬ್ಬ ದತ್ತ ಇರಲಿಲ್ಲ. ಆದರೂ ಕಳ್ಳ ಸಿಗುವ ತನಕ ಅವನ ಜೊತೆ ಮಾತಿಲ್ಲ ಕತೆಯಿಲ್ಲ ಎಂದು ಅವತ್ತೇ ತೀರ್ಮಾನ ಮಾಡಿಬಿಟ್ಟರು.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಅನುಮಾನ ಒಮ್ಮೆ ಒಳಗೆ ಬಂದದ್ದೇ ಪುರಾವೆಗಳು ತಾವಾಗೇ ನಡೆದುಕೊಂಡು ಬಂದವು. ಹಡಗಿಗೆ ಬಳಿಯುವ ಕೆಂಪು ಬಣ್ಣದ ಡಬ್ಬಿ ಷೆಡ್ಡಿನಲ್ಲಿ ಇಟ್ಟದ್ದು ಮೆಂತ್ಯದ ಡಬ್ಬದ ಹಿಂದೆ ಸಿಕ್ಕಿತು. ಯಾರೋ ತಮ್ಮ ಸಾಮಾನು ಮುಟ್ಟುತ್ತಿದ್ದಾರೆ! ಮಾರ್ಚಿನಲ್ಲಿ ಟಿವಿಡೇಲ್‌ಗೆ ಹೋಗುವಾಗ ದಾರಿ ತಪ್ಪಿ ಒಂದೂವರೆ ಗಂಟೆ ಸುತ್ತಿದ್ದರು. ರಸ್ತೆಯನ್ನೇ ಬದಲಾಯಿಸಿದ್ದಾರೆ ನನ್ಮಕ್ಕಳು, ಒಂದು ಬೋರ್ಡಾದರೂ ಹಾಕಬಾರದಾ ಎಂದು ಕೂಗಾಡಿದ್ದರು. ಅವತ್ತಿನಿಂದ ಕಾರಿನ ಕೀ ವಿಜಯಾ ಕೈಯಲ್ಲಿ. ಅದೂ ಯಾಕೆ? ತಾವು ಒಬ್ಬರೇ ಎಲ್ಲೂ ಹೋಗಿ ವಿಚಾರಿಸಬಾರದು ಅಂತಲೇ?

ವಿಜಯಾಳ ಮೇಲಂತೂ ಬಲವಾದ ಗುಮಾನಿ. ಒಂದು ದಿನ ಡಾಕ್ಟರು ತೋಟದಿಂದ ಒಳಗೆ ಬಂದರೆ ಆಕೆ ಫೋನಿನಲ್ಲಿ ಪಿಸುಗುಡುತ್ತಿದ್ದಾಳೆ. ‘ಅವರಿಗೆ ಗೊತ್ತಾಗೋದು ಬೇಡ ದತ್ತಾ. ಈ ಸಲಾನೂ ನೀವೇ ಹೇಗಾದರೂ...’ ಎಂದವಳು ಇವರ ನೆರಳು ಕಂಡು ಫೋನ್ ಇಟ್ಟುಬಿಟ್ಟಳು.

‘ಯಾರದು?’ ಎಂದರು.

‘ಯಾಮಿನಿ ಕಣ್ರೀ’ ಎಂದಳು.

ನೋಡಿ! ನಲವತ್ತು ವರ್ಷ ಸಂಸಾರ ಮಾಡಿದವಳು, ದೇವರ ಪಟದ ಕೆಳಗೇ ನಿಂತುಕೊಂಡು ಹಸೀ ಸುಳ್ಳು ಹೇಳಿದಳು. ಡಾಕ್ಟರು ಮನಸ್ಸಿನಲ್ಲಿ ಗುರುತು ಹಾಕಿಕೊಂಡರು. ಎರಡನೇ ಗುಮಾನಿ ಟ್ರೆವರ್ ಮೇಲೆ. ಕವರು ಶನಿವಾರದ ತನಕ ಅವನ ಮನೆಯಲ್ಲೇ ಬಿದ್ದಿರುತ್ತದೆ. ಕೆಟಲ್‌ನ ಹಬೆಗೆ ಹಿಡಿದರೆ ಯಾವ ಅಂಟೂ ಬಿಟ್ಟುಕೊಳ್ಳುತ್ತದೆ.

ಜೂನ್ ತಿಂಗಳ ಯುದ್ಧ ಲೆಪಾಂಟೊ. ಸಾವಿರದ ಐನೂರ ಎಪ್ಪತ್ತೊಂದರ ಅಕ್ಟೋಬರಿನಲ್ಲಿ ಗ್ರೀಸಿನ ಕರಾವಳಿಯಲ್ಲಿ ನಾನೂರಕ್ಕೂ ಹೆಚ್ಚು ಹಡಗುಗಳು ಒಂದೇ ಬೆಳಿಗ್ಗೆ ಬಡಿದಾಡಿದ ಯುದ್ಧ, ಚರಿತ್ರೆಯಲ್ಲಿ ತುರ್ಕರು ಸೋತದ್ದು. ಡಾಕ್ಟರು ಅದನ್ನೇ ಬಲೆಯಾಗಿ ಹೆಣೆದರು. ಹೊಟ್ಟೆಯೊಳಗೆ ಎಲ್ಲಿ ಸೋರುತ್ತಿದೆ ಎಂದು ತಿಳಿಯಲು ರೋಗಿಗೆ ಎಕ್ಸ್‌ರೇಯಲ್ಲಿ ಎದ್ದು ಕಾಣುವ ದ್ರವ ಕುಡಿಸಿ ಚಿತ್ರ ತೆಗೆಯುತ್ತಾರಲ್ಲ, ಅದೇ ಉಪಾಯ. ಟ್ರೆವರ್‌ಗೆಂದು ಒಂದು ಸುಳ್ಳು ಚೀಟಿ ಮಾಡಿದರು. ಎಡಪಕ್ಕದಿಂದ ದಕ್ಷಿಣಕ್ಕೆ ಸುತ್ತಿಕೊಂಡು ಹೋಗುವುದು ಎಂದು ಬರೆದು, ಕವರ್ ಅಂಟಿಸಿ, ಸೋಮವಾರವೇ ಅವನ ಮನೆಗೆ ಹಾಕಿ ಬಂದರು. ವಿಜಯಾಳಿಗೆಂದು ಇನ್ನೊಂದು. ನಡುವಿನ ಪಡೆಯೆಲ್ಲ ಒಟ್ಟಿಗೆ ನುಗ್ಗುವುದು ಎಂದು ಬರೆದು, ಮೇಜಿನ ಮೇಲೆ ಪೇಪರ್‌ವೇಟ್ ಕೆಳಗಿಟ್ಟು, ಚೀಟಿಯ ತುದಿಗೆ ಒಂದು ಕೂದಲು ಅಂಟಿಸಿಟ್ಟರು. ನಿಜವಾದ ಉಪಾಯ ಮಾತ್ರ ಕಾಗದದ ಮೇಲೆ ಬರಲೇ ಇಲ್ಲ. ಬಲಪಕ್ಕದ ಹದಿನೈದು ಗ್ಯಾಲಿಗಳು ದಡಕ್ಕೆ ಅಂಟಿಕೊಂಡು, ಆಳವಿಲ್ಲದ ನೀರಿನಲ್ಲಿ ನುಸುಳಿ, ಶತ್ರುವಿನ ಎಡಪಕ್ಕೆಗೆ ಬೆನ್ನ ಹಿಂದಿನಿಂದ ಬೀಳುವುದು. ಅದು ಅವರ ತಲೆಯೊಳಗೆ ಇತ್ತು, ಇನ್ನೆಲ್ಲೂ ಇರಲಿಲ್ಲ.

ದತ್ತನ ಹಡಗು ಯಾವ ಚೀಟಿಗೆ ಹೊಂದಿಕೊಂಡು ತಪ್ಪುತ್ತದೋ ಆ ಚೀಟಿಯವನೇ ಕಳ್ಳ. ಅಂದುಕೊಂಡಾಗ ಡಾಕ್ಟರಿಗೆ ವಾರ್ಡಿನಲ್ಲಿ ಕಾಯಿಲೆ ಪತ್ತೆಹಚ್ಚಿದ ದಿನಗಳ ಹುರುಪು ವಾಪಸು ಬಂತು. ಆ ವಾರವೆಲ್ಲ ವಿಜಯಾಳನ್ನು ಓರೆಗಣ್ಣಿನಲ್ಲೇ ನೋಡಿದರು. ಆಕೆ ಸಂಜೆ ಎಂಟಾದರೆ ಸಾಕು, ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಹೊರಗೆ ಬಂದಾಗ ಕಣ್ಣು ಕೆಂಪಗಿರುತ್ತಿತ್ತು. ತಪ್ಪು ಮಾಡಿದವರಿಗೆ ಕಣ್ಣು ಕೆಂಪಾಗದೆ ಇನ್ನೇನು ಎಂದುಕೊಂಡರು. ಮೇಜಿನ ಮೇಲಿನ ಕೂದಲು ಶುಕ್ರವಾರದ ತನಕ ಅಲುಗಲಿಲ್ಲ. ಜಾಣೆ, ಕೂದಲು ಬೀಳದ ಹಾಗೆ ಓದಿದ್ದಾಳೆ ಎಂದುಕೊಂಡರು.

ಶನಿವಾರ ಬಂತು. ಡಾಕ್ಟರು ಬೆಳಿಗ್ಗೆ ಬಾತ್‌ರೂಮಿನ ಚಿಲಕ ಹಾಕಿಕೊಂಡು, ನಿಜವಾದ ಚೀಟಿ ಬರೆದು ಷರ್ಟಿನ ಜೇಬಿಗೆ ಹಾಕಿಕೊಂಡರು. ವಿಜಯಾ ಕಾರಿನಲ್ಲಿ ಬಿಟ್ಟು ಹೋದಳು. ಹಾಲ್‌ನಲ್ಲಿ ಟ್ರೆವರ್ ಎರಡು ಕವರ್ ಹಿಡಿದು ನಿಂತಿದ್ದ. ದತ್ತ ಚಹಾ ಕುಡಿಯುತ್ತಿದ್ದ. ಹತ್ತಕ್ಕೆ ಐದು ನಿಮಿಷ ಇರುವಾಗ ಡಾಕ್ಟರು, ಆ ಕವರು ಬೇಡ, ನನ್ನದು ಇದು ಎಂದು ಜೇಬಿನದನ್ನು ಕೊಟ್ಟರು. ಇದು ಪದ್ಧತಿಯಲ್ಲ ಎಂದು ಟ್ರೆವರ್ ಗೊಣಗಿದ. ಅವನು ದತ್ತನ ಮುಖ ನೋಡಿದರೆ, ದತ್ತ ‘ಪರವಾಗಿಲ್ಲ, ತಗೊಳ್ಳಿ’ ಎಂದು ಛಾವಣಿ ನೋಡತೊಡಗಿದ. ಒಂದು ತಕರಾರೂ ಇಲ್ಲ! ಹನ್ನೊಂದು ವರ್ಷ ಅರ್ಧ ಇಂಚಿಗೆ ಜಗಳವಾಡಿದ ಮನುಷ್ಯ!

ಕವರ್ ಒಡೆದರು. ಹಡಗುಗಳು ಒಂದೊಂದಾಗಿ ನೀಲಿ ಹಲಗೆಯ ಮೇಲೆ ಇಳಿದವು. ಡಾಕ್ಟರು ಮೊದಲು ದಕ್ಷಿಣಕ್ಕೆ ನೋಡಿದರು, ಟ್ರೆವರ್ ಚೀಟಿಯ ಕಡೆಗೆ. ಅಲ್ಲಿ ದತ್ತನ ಪಡೆ ಗಟ್ಟಿಯಾಗಿ ನಿಂತಿದೆ. ಹಾಗಾದರೆ ವಿಜಯಾ! ನಡುವೆ ನೋಡಿದರು. ಅಲ್ಲೂ ಗಟ್ಟಿ, ಮೂತಿಗಳೆಲ್ಲ ಇವರ ಕಡೆಗೇ ಇವೆ. ಆಮೇಲೆ ದಡದ ಕಡೆ ಕಣ್ಣು ಹೋಯಿತು. ದಡಕ್ಕೂ ದತ್ತನ ಎಡಪಕ್ಕದ ಹಡಗಿಗೂ ಮಧ್ಯೆ ಗೇಣಗಲ ಜಾಗ, ಬಾಗಿಲು ತೆರೆದಿಟ್ಟ ಹಾಗೆ. ಪಕ್ಕೆಗಳು ಪೂರಾ ಬಯಲಿಗೆ ಬಿದ್ದಿವೆ. ಹದಿನೈದು ಗ್ಯಾಲಿ ಸರಾಗವಾಗಿ ನುಸುಳುವುದಕ್ಕೆ ಎಷ್ಟು ಬೇಕೋ ಅಷ್ಟೇ.

ಡಾಕ್ಟರು ಕೈಯಲ್ಲಿದ್ದ ಅಳತೆಕಡ್ಡಿ ಕೆಳಗಿಟ್ಟರು.

‘ದತ್ತ, ಇದು ನನ್ನ ತಲೆಯೊಳಗಿದ್ದದ್ದು ಕಣೋ. ಕಾಗದಕ್ಕೆ ಬಂದದ್ದೇ ಇವತ್ತು ಬೆಳಿಗ್ಗೆ. ನಿನ್ನ ಕವರು ನಿನ್ನೆಯೇ ಬಂದಿದೆ. ಯಾರು ಹೇಳಿದ್ದು ನಿನಗೆ?’

‘ಆಟ ಆಡೋ ದಿವಾಕರ’ ಎಂದ ದತ್ತ, ತಲೆ ಎತ್ತದೆ.

‘ವಿಜಯಾ ಹೇಳಿದಳಾ?’

‘ಇಲ್ಲ.’

‘ಟ್ರೆವರ್?’

‘ಅವನಿಗೇನು ಗೊತ್ತು, ಪಾಪ.’

‘ಹಾಗಾದರೆ ಹೇಗೋ? ನನ್ನ ತಲೆಬುರುಡೆಗೆ ಮೈಕ್ ಇಟ್ಟಿದ್ದೀಯಾ? ಮೂವತ್ತೆಂಟು ವರ್ಷದಿಂದ ಒಂದೇ ತಟ್ಟೆಯಲ್ಲಿ ಉಂಡಿದ್ದೀವಿ, ನನಗೇ ದ್ರೋಹ ಬಗೆದೆಯಲ್ಲೋ! ಇವತ್ತು ನೀನು ಹೇಳಲಿಲ್ಲ ಅಂದರೆ ಈ ಬಾಗಿಲು ದಾಟಿದ ಮೇಲೆ ನೀನು ಯಾರೋ, ನಾನು ಯಾರೋ.’

ಕನ್ನಡ ತಿಳಿಯದ ಟ್ರೆವರ್ ಇಬ್ಬರ ಮುಖ ನೋಡಿ, ಚಹಾ ಮಾಡುತ್ತೇನೆಂದು ಒಳಗೆ ಹೋದ. ದತ್ತ ಕನ್ನಡಕ ತೆಗೆದು ಷರ್ಟಿನ ತುದಿಯಲ್ಲಿ ಒರೆಸಿದ. ಹಾಕಿಕೊಂಡ, ಮತ್ತೆ ತೆಗೆದ. ಈ ದೇಶದಲ್ಲಿ ಎಲ್ಲ ಊರಿನವರ ಜೊತೆ ಬೆರೆತು ಬೆಂಗಳೂರಿನ ಕನ್ನಡ ರೂಢಿಯಾಗಿದ್ದವನ ಬಾಯಿಗೆ ತನ್ನೂರಿನ ಮಾತು ಬಂತು.

‘ನೀನಽ ಹೇಳಿದ್ದಿ, ದಿವಾಕರಾ.’

‘ನಾನಾ?’

‘ದಿನಾ ಸಂಜೀ ಎಂಟಕ್ಕ ನನಗ ಫೋನ್ ಮಾಡ್ತಿ. ಜನವರಿಯಿಂದ. ಹ್ಯಾಂಡೋವರ್ ಕೊಡ್ತಿ. ಬೆಡ್ ಒಂದು, ಬಲಪಕ್ಕದ ಹದಿನೈದು ಗ್ಯಾಲಿ, ದಂಡಿ ಹಿಡದು ಹೋಗ್ತಾವ, ನೀರು ಕಡಿಮಿ ಅದ, ಅವುಗಳ ಮ್ಯಾಲ ಕಣ್ಣಿಡು ಅಂತಿ. ಬೆಡ್ ಎರಡು, ನಡುವಿನ ಪಡೆ, ಸ್ಟೇಬಲ್ ಅಂತಿ. ಒಂದನ್ನೂ ಬಿಡೂದಿಲ್ಲ. ನಾ ಸರಿ, ನೀ ಹೋಗು ಅನ್ನೂತನಕ ಫೋನ್ ಇಡೂದಿಲ್ಲ.’

‘ಸುಳ್ಳು’ ಎಂದರು ಡಾಕ್ಟರು. ‘ಏಪ್ರಿಲ್‌ನಿಂದ ನಿನ್ನ ಜೊತೆ ಮಾತೇ ಬಿಟ್ಟಿದ್ದೀನಿ ನಾನು.’

ದತ್ತ ತನ್ನ ಫೋನ್ ತೆಗೆದು ಮುಂದೆ ಹಿಡಿದ. ಡಾಕ್ಟರು ನೋಡಲಿಲ್ಲ, ಕಳ್ಳನ ಕೈಯ ಸಾಕ್ಷಿ ಯಾರಿಗೆ ಬೇಕು? ತಮ್ಮದೇ ಫೋನನ್ನು ಜೇಬಿನಿಂದ ತೆಗೆದರು. ನಿನ್ನೆ, ಎಂಟು ಗಂಟೆ, ದತ್ತ, ಹನ್ನೆರಡು ನಿಮಿಷ. ಮೊನ್ನೆ, ಎಂಟು ಗಂಟೆ ಒಂದು ನಿಮಿಷ, ದತ್ತ. ಆಚೆ ಮೊನ್ನೆ, ಎಂಟು ಗಂಟೆ. ಬೆರಳು ಹಾಕಿ ಕೆಳಗೆ ತಳ್ಳಿದಷ್ಟೂ ದತ್ತ, ದತ್ತ, ದತ್ತ. ಯಾರೋ ತಮ್ಮ ಫೋನಿಗೆ ಕೈ ಹಾಕಿದ್ದಾರೆ ಎಂಬ ಯೋಚನೆ ನಾಲಿಗೆಯ ತುದಿಗೆ ಬಂತು. ಬಂದದ್ದನ್ನು ಡಾಕ್ಟರು ಅಲ್ಲೇ ಹಿಡಿದು ನಿಲ್ಲಿಸಿದರು.

ಏಕೆಂದರೆ ಆ ಮಾತು ಅವರಿಗೆ ಗುರುತಿತ್ತು. ಮೂವತ್ತು ವರ್ಷ ಅದನ್ನು ಬೇರೆಯವರ ಬಾಯಲ್ಲಿ ಕೇಳಿದ್ದರು. ನನ್ನ ಬಳೆ ಸೊಸೆ ಕದ್ದಳು ಅನ್ನುವ ಅಜ್ಜಿಯರು, ನನ್ನ ಬೀದಿಯನ್ನೇ ಬದಲಾಯಿಸಿದ್ದಾರೆ ಅನ್ನುವ ಅಜ್ಜಂದಿರು. ಅವರ ಮಕ್ಕಳು ಕಾರಿಡಾರಿನಲ್ಲಿ ನಿಂತು ಅತ್ತಾಗ, ಅನುಮಾನ ಮೊದಲು ಬರುತ್ತದೆ, ಮರೆವು ಆಮೇಲೆ ಕಾಣಿಸಿಕೊಳ್ಳುತ್ತದೆ, ಅವರ ಜೊತೆ ವಾದ ಮಾಡಬೇಡಿ ಎಂದು ಎಷ್ಟು ಜನಕ್ಕೆ ಹೇಳಿದ್ದರೋ! ಡಾಕ್ಟರಿಗೆ ಭಯವಾಯಿತು. ಕುರ್ಚಿ ಎಳೆದು ಕೂತರು.

ಕೂತಲ್ಲಿಂದಲೇ ಕೇಳಿದರು, ‘ನನಗೆ ಹೇಳಬಾರದಾಗಿತ್ತೇನೋ?’

‘ಹೇಳಿದೆ. ಮೊದಲನೇ ವಾರದಾಗ ಹೇಳಿದೆ. ನಕ್ಕಿ, ತಮಾಷಿ ಮಾಡ್ತಿಯೇನಲೇ ಅಂದಿ. ಮರುದಿವಸ ಎಂಟಕ್ಕ ಮತ್ತ ಫೋನ್.’

‘ಎತ್ತದೇ ಇರಬೇಕಿತ್ತು.’

‘ಒಂದ ದಿನಾ ಎತ್ತಲಿಲ್ಲ. ನಲವತ್ತು ಸಲ ಮಾಡಿದಿ. ವಾರ್ಡ್ ಬಿಟ್ಟು ಹೋಗಾಕ ಬರೂದಿಲ್ಲ, ದತ್ತ ಎಲ್ಲಿ, ದತ್ತ ಎಲ್ಲಿ ಅಂತ ವಿಜಯಾನ ಮುಂದ ಅತ್ತೀಯಂತ. ಆಮ್ಯಾಲ ನಾ ಎತ್ತೂದು ಬಿಡಲಿಲ್ಲ.’

‘ಸೋತದ್ದು ಯಾಕೆ ಮತ್ತೆ?’

ದತ್ತನಿಗೆ ರೇಗಿತು. ‘ಮತ್ತೇನ್ ಮಾಡಲೋ ಮಾರಾಯಾ? ನಿನ್ನ ಗುಟ್ಟೆಲ್ಲಾ ಗೊತ್ತಿಟ್ಟುಕೊಂಡು ಗೆದ್ದರ ನಾ ಕಳ್ಳ ಆಗ್ತೀನಿ. ಗೊತ್ತಿಲ್ಲದವರಂಗ ಆಡಬೇಕು ಅಂದರ ಹೆಂಗ ಆಡೂದು? ಕೇಳಿದ್ದನ್ನ ಕಿವ್ಯಾಗಿಂದ ತಗದು ಒಗಿಯಾಕ ಆಗತದೇನು? ಸೋಲೂದೊಂದಽ ಉಳದಿತ್ತು, ಸೋತೆ.’

ಒಳಗೆ ಟ್ರೆವರ್ ಬೇಕೆಂದೇ ಕಪ್ಪು ಬಸಿಗಳ ಸದ್ದು ಮಾಡುತ್ತಿದ್ದ. ದತ್ತ ಮೋಸಗಾರನಲ್ಲ. ಅದೊಂದು ಮಾತು ಡಾಕ್ಟರ ಎದೆಯೊಳಗೆ ಇಳಿಯಿತು. ಉಳಿದದ್ದೆಲ್ಲ ಎಷ್ಟು ಕೆಟ್ಟದಾಗಿದ್ದರೂ, ಎರಡು ತಿಂಗಳಿಂದ ಹೊತ್ತು ತಿರುಗಿದ ಒಂದು ಭಾರ ಇಳಿದದ್ದು ನಿಜ. ನಾಚಿಕೆಯಾಯಿತು, ಅಳು ಬಂತು. ಅತ್ತರು. ದತ್ತನೂ ಅತ್ತ. ಆಮೇಲೆ ಡಾಕ್ಟರು ಎದ್ದು ಸುಲ್ತಾನನ ಹಡಗುಗಳನ್ನೆಲ್ಲ ಹಲಗೆಯಿಂದ ಎತ್ತತೊಡಗಿದರು.

‘ತೆಗಿ ನಿನ್ನವನ್ನೂ’ ಎಂದರು. ‘ಮೊದಲಿಂದ ಆಡೋಣ. ಹತ್ತು ನಿಮಿಷ. ಇಲ್ಲೇ, ಬೆನ್ನು ತಿರುಗಿಸಿ ಕೂತು ಚೀಟಿ ಬರಿಯೋದು. ಮಧ್ಯೆ ಫೋನೂ ಇಲ್ಲ, ಎಂಟು ಗಂಟೆಯೂ ಇಲ್ಲ. ನನ್ನ ಮುಖ ನೋಡಿ ಕನಿಕರ ಪಟ್ಟೆಯೋ, ನೋಡು ಮತ್ತೆ. ನನಗೆ ಗೆಲುವು ಬೇಡ ಕಣೋ. ನೆಟ್ಟಗೆ ಸೋಲಿಸು.’

ಹಾಗೇ ಬರೆದರು. ಟ್ರೆವರ್ ಕೈ ಒರೆಸಿಕೊಂಡು ಬಂದು, ಇವತ್ತು ಯಾವ ಪದ್ಧತಿಯೂ ಇಲ್ಲವೆಂದು ತಲೆ ಚಚ್ಚಿಕೊಂಡು ಚೀಟಿ ಒಡೆದ. ಯುದ್ಧ ಶುರುವಾಯಿತು. ದತ್ತ ಮೂಗು ಒರೆಸಿಕೊಳ್ಳುತ್ತಲೇ ಹೊಡೆದ ನೋಡಿ! ಡಾಕ್ಟರು ದಡ ಬಿಟ್ಟು ಎಡಕ್ಕೆ ಹೋಗಿದ್ದರು. ದತ್ತ ಅಲ್ಲಿ ಅರ್ಧಗಂಟೆ ತಡೆದು ಹಿಡಿದು, ಅಷ್ಟರಲ್ಲಿ ನಡುವಿನಿಂದ ನುಗ್ಗಿ ಸುಲ್ತಾನನ ನಿಶಾನೆಯ ಹಡಗನ್ನೇ ಹಿಡಿದ. ಹಿಡಿದ ಹಡಗಿನಲ್ಲಿ ಸರಪಳಿ ಬಿಚ್ಚಿದ ಕೈದಿಗಳು ಹಿಡಿದವನ ಕಡೆ ಸೇರಬೇಕೆಂಬುದು ಆಟದ ನಿಯಮ. ಒಂದು ಹೋಗಿ ನಾಲ್ಕು, ನಾಲ್ಕು ಹೋಗಿ ಹತ್ತು, ಡಾಕ್ಟರ ಹಡಗುಗಳು ಒಂದರ ಹಿಂದೊಂದು ಆ ಕಡೆಗೆ ಹೋದವು. ಎಲ್ಲೂ ಬಾಗಿಲು ತೆರೆದಿರಲಿಲ್ಲ, ಎಲ್ಲೂ ಪಕ್ಕೆ ಬಯಲಾಗಿರಲಿಲ್ಲ. ಮಧ್ಯಾಹ್ನ ಒಂದಕ್ಕೆಲ್ಲ ನೀಲಿ ಹಲಗೆಯ ಮೇಲೆ ಸುಲ್ತಾನನದೆಂದು ಎರಡು ಗ್ಯಾಲಿ ಉಳಿದಿದ್ದವು.

‘ಕಳ್ಳ ನನ್ಮಗನೇ’ ಎಂದು ಡಾಕ್ಟರು ದತ್ತನ ಬೆನ್ನಿಗೆ ಗುದ್ದಿದರು. ಅಷ್ಟು ಚೆನ್ನಾಗಿ ಸೋತು ಎಷ್ಟು ದಿನವಾಗಿತ್ತೋ. ದತ್ತ ನಗಲು ಹೋಗಿ ಆಗದೆ ಹಡಗುಗಳನ್ನು ಡಬ್ಬಕ್ಕೆ ತುಂಬಿದ.

ಹೊರಗೆ ವಿಜಯಾ ಕಾರಿನಲ್ಲಿ ಕಾಯುತ್ತಿದ್ದಳು. ಡಾಕ್ಟರು ಪಕ್ಕದಲ್ಲಿ ಕೂತು ಬೆಲ್ಟ್ ಹಾಕಿಕೊಂಡರು.

‘ಗೆದ್ರಾ?’ ಎಂದಳು, ಕನ್ನಡಿ ಸರಿ ಮಾಡಿಕೊಳ್ಳುತ್ತಾ.

‘ಸೋತೆ.’

ಆಕೆ ತಿರುಗಿ ಮುಖ ನೋಡಿದಳು. ಇಂಜಿನ್ ಆಫ್ ಮಾಡಿದಳು. ದತ್ತ ಹೇಳಿದ್ದಾನೆಂದು ಕೇಳದೆಯೇ ತಿಳಿಯಿತು.

‘ಎಷ್ಟು ದಿನದಿಂದ ಗೊತ್ತು ನಿನಗೆ?’ ಎಂದರು ಡಾಕ್ಟರು.

‘ದೀಪಾವಳಿ ಆದ ಮೇಲಿಂದ ಕಣ್ರೀ. ಹೇಳಿದೆ ನಾನು. ಮೂರು ಸಲ ಹೇಳಿದೆ. ನನ್ನ ಮೇಲೇ ಕೂಗಾಡಿದ್ರಿ. ಆಮೇಲೆ ನನಗೂ ಹೆದರಿಕೆ ಆಯ್ತು.’ ಆಕೆ ಸ್ಟಿಯರಿಂಗ್ ಹಿಡಿದುಕೊಂಡೇ ಅತ್ತಳು. ಈ ಎರಡು ತಿಂಗಳು ಆಕೆಯನ್ನು ಯಾವ ಕಣ್ಣಿನಿಂದ ನೋಡಿದ್ದರೋ ಅದನ್ನು ನೆನೆದು ಡಾಕ್ಟರು ಆಕೆಯ ಕೈ ಮೇಲೆ ಕೈ ಇಟ್ಟರು.

‘ಸೋಮವಾರ ಬೆಳಿಗ್ಗೆ ನಮ್ಮ ಜಿ.ಪಿ. ಡಾಕ್ಟರಿಗೆ ಫೋನ್ ಮಾಡಿ ಟೈಮ್ ತಗೋ. ಮೆಮೊರಿ ಕ್ಲಿನಿಕ್ಕಿಗೆ ಬರೆದುಕೊಡಲಿ.’

‘ನೀವೇ ಮಾತಾಡಿದರೆ ಬೇಗ ಆಗುತ್ತೇನೋ. ನಿಮಗೆ ಗೊತ್ತಿರೋರೇ ಅಲ್ವಾ ಎಲ್ಲರೂ?’

‘ಬೇಡ’ ಎಂದರು ಡಾಕ್ಟರು. ‘ನಾನೇ ಮಾಡ್ತೀನಿ ಅಂತ ನಾಳೆ ಹೇಳ್ತೀನಿ ನೋಡು. ಮಾಡಿಯಾಯ್ತು ಅಂತಲೂ ಹೇಳ್ತೀನಿ. ನನಗೇನೂ ಆಗಿಲ್ಲ, ನೀವೆಲ್ಲ ಸೇರಿ ಪಿತೂರಿ ಮಾಡ್ತಿದ್ದೀರಿ ಅಂತ ಕೂಗಾಡಿದರೂ ಕೂಗಾಡಬಹುದು. ಒಂದು ಮಾತನ್ನೂ ನಂಬಬೇಡ ವಿಜಯಾ. ಕೈ ಹಿಡಿದು ಎಳಕೊಂಡು ಹೋಗು.’